ಚಿತ್ರದುರ್ಗದ ಕಡೆ ಇರುವ ಕಾಡುಗಿಡಗಳ ನರ್ಸರಿಗೆ ಒಂದು ದಿನ ಹೋಗಿಬರುವುದು ಯೋಗ್ಯವೇ? ಯಾವ ಯಾವ ಸಸಿ ತರಬೇಕು?

"ಗಂಧದ ಸಸಿಯೂ ಸಿಗುತ್ತದಂತೆ, ಆರೇಳು ತಂದುಬಿಡೋಣ ಎಂದಿದ್ದೇನೆ" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ನಗುವೂ ಬಂತು, ಸಂಕಟವೂ ಆಯಿತು. ಐದು ವರ್ಷದ ಹಿಂದೆ ದಾವಣಗೆರೆಯಿಂದ ನಾನೂ ಹೀಗೆಯೇ ಪಟ್ಟಿ ಬರೆದುಕೊಂಡು ಹೊರಟಿದ್ದೆ. ನಾನೂ ಆರು ಗಂಧದ ಸಸಿ ತಂದೆ. ಆರೂ ಸತ್ತವು. ರೋಗ ಬಂದಿರಲಿಲ್ಲ, ಮಳೆ ಕೈಕೊಟ್ಟಿರಲಿಲ್ಲ, ಮಾರಿದವರದ್ದೂ ತಪ್ಪಿರಲಿಲ್ಲ. ಕೊಂದವಳು ನಾನೇ, ಅದೂ ಬಹಳ ಅಚ್ಚುಕಟ್ಟಾಗಿ.

ನಮ್ಮದು ಬೆಳಗಿನ ಬಸ್ಸು. ದುರ್ಗಕ್ಕೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಆಟೊ. ಒಂದು ಕಡೆ ಟಾರು ಮುಗಿದು ಕೆಂಪು ಮಣ್ಣಿನ ಹಾದಿ ಶುರುವಾಗುತ್ತದೆ, ಎದುರಿಗೆ ಜೋಗಿಮಟ್ಟಿಯ ಗುಡ್ಡಸಾಲು, ಅದರ ಮೇಲೆ ಗಾಳಿಯಂತ್ರಗಳು. ನರ್ಸರಿಗೆ ಬೋರ್ಡು ಇರಲಿಲ್ಲ. ನರ್ಸರಿ ಎಂದರೆ ಗುಲಾಬಿ, ಕ್ರೋಟನ್, ಬಣ್ಣ ಬಳಿದ ಕುಂಡ ಎಂದುಕೊಂಡಿದ್ದವಳು ನಾನು. ಬಿದಿರಿನ ಗೇಟು ದಾಟಿದರೆ ಒಂದು ಹೂವೂ ಕಾಣಲಿಲ್ಲ. ಹುಣಸೆ ಮರದ ನೆರಳಲ್ಲಿ ಮೊಣಕಾಲೆತ್ತರದ ಪಿವಿಸಿ ಪೈಪಿನ ತುಂಡುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಕೊಳವೆಬಾವಿಯವರ ಗೋದಾಮಿಗೆ ಬಂದೆವೇನೋ ಎಂದು ನಮ್ಮ ಮನೆಯವರು ಗೊಣಗಿದರು. ಹತ್ತಿರ ಹೋಗಿ ನೋಡಿದರೆ ಪ್ರತಿ ಪೈಪಿನ ಬಾಯಲ್ಲೂ ಬೆರಳುದ್ದದ ಒಂದು ಸಸಿ. ಎಲೆ ಎರಡು ಹೋಳಾಗಿ, ಹಸಿಮಣ್ಣಿನಲ್ಲಿ ದನದ ಗೊರಸು ಮೂಡಿದ ಹಾಗೆ.

"ಕಮರ" ಎಂದರು ಅಲ್ಲಿದ್ದ ಅಜ್ಜ. ನರ್ಸರಿ ಅವರದೇ. ಹೆಸರು ಬರೆಯಬೇಡ ಎಂದಿದ್ದಾರೆ, ಹಾಗಾಗಿ ಅಜ್ಜ ಎಂದೇ ಇರಲಿ. ಒಂದು ಪೈಪನ್ನು ಎತ್ತಿಕೊಂಡು, ಸುತ್ತಿದ್ದ ತಂತಿಯನ್ನು ಬಿಚ್ಚಿದರು. ಪೈಪನ್ನು ಮೊದಲೇ ಉದ್ದಕ್ಕೆ ಸೀಳಿ ಇಟ್ಟಿದ್ದರು, ಕಡಲೆಕಾಯಿ ಸಿಪ್ಪೆಯಂತೆ ಎರಡಾಗಿ ತೆರೆದುಕೊಂಡಿತು. ಒಳಗೆ ಮಣ್ಣನ್ನು ಸೀಳಿಕೊಂಡು ನೇರವಾಗಿ ಇಳಿದ ಒಂದು ತಾಯಿಬೇರು, ತುದಿ ಪೈಪಿನ ತಳ ಮುಟ್ಟಿತ್ತು. ಮೇಲೆ ಬೆರಳುದ್ದ, ಕೆಳಗೆ ಮೊಣಕಾಲುದ್ದ. ಕಮರ ಮೊದಲು ನೆಲದೊಳಗೆ ಬೆಳೆಯುತ್ತದಂತೆ. ನೀರಿನ ದಾರಿ ಸಿಕ್ಕಿದ ಮೇಲೆಯೇ ತಲೆ ಎತ್ತುವುದು. ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದರೆ ಬೇರು ತಳದಲ್ಲಿ ಸಿಂಬಿ ಸುತ್ತಿಕೊಳ್ಳುತ್ತದೆ, ಅಂಥ ಸಸಿ ನೆಟ್ಟರೂ ಒಂದೇ, ಬಿಟ್ಟರೂ ಒಂದೇ ಎಂದರು. ಅದಕ್ಕೇ ಪೈಪು. ಆ ಎರಡು ನಿಮಿಷಕ್ಕೇ ಬಸ್ ಚಾರ್ಜು ವಸೂಲಾಯಿತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಆಗ ನನ್ನ ತಲೆಯಲ್ಲಿ ಪಟ್ಟಿ ಇತ್ತು.

ಅಜ್ಜ ಮಾತ್ರ ಪಟ್ಟಿಯ ಕಡೆ ನೋಡಲೇ ಇಲ್ಲ. ತುಗ್ಗಲಿಯ ಎಲೆ ಕಿತ್ತು, ಬಕೆಟ್ಟಿನ ನೀರಿನಲ್ಲಿ ಅದ್ದಿ, ಅಂಗೈಯಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದರು. ಎಣ್ಣೆ ನೀರು ಹಾಕುವಾಗ ನನ್ನಜ್ಜಿ ತಲೆಗೆ ತಿಕ್ಕುತ್ತಿದ್ದ ಚಿಗರೆ ಪುಡಿ! ಕಣ್ಣಿಗೆ ಹೋಗಿ ಉರಿದು ನಾನು ಕಿರುಚುತ್ತಿದ್ದ ಬಚ್ಚಲುಮನೆಯೇ ಎದುರಿಗೆ ಬಂದು ನಿಂತಿತು. ಆ ಪುಡಿ ಅಂಗಡಿಯಿಂದ ಬರುತ್ತದೆ ಎಂಬುದಷ್ಟೇ ಗೊತ್ತಿತ್ತು. ಅದಕ್ಕೊಂದು ಮರವಿದೆ, ಆ ಮರ ನಮ್ಮ ಗುಡ್ಡಗಳಲ್ಲೇ ಇದೆ ಎಂಬುದು ಮೂವತ್ತೆಂಟು ವರ್ಷವಾದರೂ ಗೊತ್ತಿರಲಿಲ್ಲ. ಆಮೇಲೆ ಮಾಗಳಿ ಬಳ್ಳಿ. ಮಾಗಳಿ ಬೇರಿನ ಉಪ್ಪಿನಕಾಯಿ ತಿಂದವರಿಗೆ ಆ ವಾಸನೆಯನ್ನು ಬಣ್ಣಿಸಬೇಕಾಗಿಲ್ಲ, ತಿನ್ನದವರಿಗೆ ಬಣ್ಣಿಸಿ ಉಪಯೋಗವಿಲ್ಲ. ಬೇರಿಗಾಗಿ ಅಗೆದರೆ ಬಳ್ಳಿಯೇ ಹೋಗುತ್ತದೆ, ಗುಡ್ಡದಲ್ಲಿ ಹೀಗೆಯೇ ಅಗೆದು ಅಗೆದು ಮುಗಿಸುತ್ತಿದ್ದಾರೆ, ಅದಕ್ಕೇ ಬೀಜದಿಂದ ಎಬ್ಬಿಸುತ್ತಿದ್ದೇನೆ ಎಂದರು.

ಕೊನೆಗೆ ಒಂದು ಬಳ್ಳಿಯ ಎರಡು ಎಲೆ ಕೊಟ್ಟು, ಚೆನ್ನಾಗಿ ಅಗಿದು ನಾಲಿಗೆಗೆಲ್ಲ ತಾಗಿಸು ಎಂದರು. ಕಹಿ. ಬಾಯಿ ಮುಕ್ಕಳಿಸಿದ ಮೇಲೆ ಅಂಗೈಗೆ ಒಂದು ಚೂರು ಬೆಲ್ಲ ಇಟ್ಟರು. ಬಾಯಿಗೆ ಹಾಕಿದರೆ ಸಿಹಿಯೇ ಇಲ್ಲ! ಜೇಡಿಮಣ್ಣು ತಿಂದ ಹಾಗೆ ಕರಗಿಹೋಯಿತು. ಅದು ಮಧುನಾಶಿನಿ. ಎಲೆಯಲ್ಲಿರುವ ಅಂಶ ನಾಲಿಗೆಯ ಮೇಲೆ ಸಿಹಿ ತಿಳಿಯುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಖಾರ, ಉಪ್ಪು, ಹುಳಿ ಎಲ್ಲ ತಿಳಿಯುತ್ತದೆ, ಸಿಹಿಯೊಂದು ಮಾತ್ರ ಮಾಯ. ನಮ್ಮ ಮನೆಯವರು ನಂಬದೆ ತಾವೂ ಅಗಿದರು, ಇನ್ನೊಂದು ಚೂರು ಬೆಲ್ಲ ಕೇಳಿದರು, ಮತ್ತೂ ಒಂದು ಚೂರು ಕೇಳಿದರು.

ಈಗ ಗಂಧದ ಕಥೆ. ನನ್ನ ತಂದೆಯ ಕಾಲದಲ್ಲಿ ಹೊಲದಲ್ಲಿ ಗಂಧದ ಸಸಿ ತಾನಾಗಿ ಹುಟ್ಟಿದರೂ ಜನ ಕಿತ್ತೆಸೆಯುತ್ತಿದ್ದರು. ಮರ ಬೆಳೆದರೆ ಅದು ಸರ್ಕಾರದ್ದು, ಕಳುವಾದರೆ ಜವಾಬು ಹೇಳಬೇಕಾದವರು ನಾವು. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಜಮೀನಿನವರೇ ಮರದ ಒಡೆಯರಾದರು. ಕಡಿಯಲು, ಸಾಗಿಸಲು ಈಗಲೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಭರಮಸಾಗರದ ಹತ್ತಿರ ನಮ್ಮ ಮಾವನವರ ಹೊಲವಿದೆ, ಮಸಾರಿ ಭೂಮಿ. ಅದರ ಬದುವಿಗೆ ಆರು ಗಂಧ ನೆಡಬೇಕೆಂಬುದು ನನ್ನ ಹಟ. "ಗಂಧ ಇನ್ನೊಂದು ಸಲ ನೋಡೋಣ ತಾಯೀ" ಎಂದು ಅಜ್ಜ ಎರಡು ಬಾರಿ ಹೇಳಿದರು. ನಾನು ಬಿಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಚೀಲಕ್ಕೆ ತುಂಬುವಾಗ "ಜೊತೆಯದು ಜೋಪಾನ" ಎಂದದ್ದು ಕಿವಿಗೆ ಬಿತ್ತು. ಜೊತೆಯದು ಎಂದರೆ ಚೀಲದಲ್ಲಿದ್ದ ಉಳಿದ ಸಸಿಗಳು ಎಂದುಕೊಂಡು ತಲೆಯಾಡಿಸಿದೆ.

ಮನೆಗೆ ಬಂದು ನೋಡಿದರೆ ಪ್ರತಿ ಗಂಧದ ಬುಡದಲ್ಲೂ ಒಂದು ಪುಟ್ಟ ಸೊಪ್ಪು ಹಬ್ಬಿಕೊಂಡಿತ್ತು. ಎಲ್ಲ ಆರರಲ್ಲೂ ಇತ್ತು, ಅದೂ ಒಂದೇ ಜಾತಿಯದು, ಅಷ್ಟೇ ಎತ್ತರದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನನ್ನ ದಡ್ಡತನ ಇರುವುದು ಇಲ್ಲಿಯೇ. ಕಳೆ ಎಂದಾದರೂ ಲೆಕ್ಕವಿಟ್ಟು ಚೀಲಕ್ಕೊಂದರಂತೆ ಹುಟ್ಟುತ್ತದೆಯೇ? ಆಗ ಹೊಳೆಯಲಿಲ್ಲ. ಅಜ್ಜನಿಗೆ ವಯಸ್ಸಾಗಿದೆ, ಕಳೆ ತೆಗೆಯಲು ಆಗಿಲ್ಲ ಪಾಪ ಎಂದುಕೊಂಡು, ಬೇರು ಒಂದಿಷ್ಟೂ ಉಳಿಯದಂತೆ ಕಿತ್ತೆ. ನಮ್ಮ ಅತ್ತೆ ಬಂದು ನೋಡಿ, "ಅಯ್ಯೋ, ಹೊನಗೊನೆ! ಕಣ್ಣಿಗೆ ಒಳ್ಳೆಯದು, ಎಸೆಯಬೇಡ" ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ರಾತ್ರಿಯ ಸಾರಿಗೆ ಹಾಕಿದರು. ರುಚಿಯಾಗಿತ್ತು.

ಗಂಧ ಅರೆಪರಾವಲಂಬಿ ಗಿಡ. ಎಲೆ ಹಸಿರಾಗಿದೆ, ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ಅಕ್ಕಿ ಬೇಳೆಯ ಬಹುಪಾಲು ಪಕ್ಕದ ಮನೆಯಿಂದ ಬರಬೇಕು. ಅದರ ಬೇರು ನೆರೆಯ ಗಿಡದ ಬೇರನ್ನು ಹಿಡಿದು, ನೀರನ್ನೂ ಮಣ್ಣಿನ ಸಾರವನ್ನೂ ಹೀರಿಕೊಳ್ಳುತ್ತದೆ. ಅದಕ್ಕೇ ಸಸಿಯ ಚೀಲದಲ್ಲೇ ಹೊನಗೊನೆಯನ್ನೋ ತೊಗರಿಯನ್ನೋ ಜೊತೆಗೆ ಬೆಳೆಸುತ್ತಾರೆ. ನಾನು ಸಾರು ಮಾಡಿಕೊಂಡು ಉಂಡದ್ದು ಗಂಧದ ಸಾಕುತಾಯಿಯನ್ನು.

ಇನ್ನೂ ಕೆಟ್ಟದ್ದೇನೆಂದರೆ ಸಸಿಗಳು ತಕ್ಷಣ ಸಾಯಲಿಲ್ಲ. ಮೃಗಶಿರಾ ಮಳೆಗೆ ನೆಟ್ಟೆ, ಎರಡು ತಿಂಗಳು ಹಸಿರಾಗಿಯೇ ಇದ್ದವು, ನಾನು ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಆಮೇಲೆ ಹೊಸ ಎಲೆ ಸಣ್ಣದಾಗುತ್ತ, ಹಳದಿಯಾಗುತ್ತ ಬಂತು. ನೀರು ಸಾಲದೆಂದು ನೀರು ಹಾಕಿದೆ. ಗೊಬ್ಬರ ಸಾಲದೆಂದು ಡಿಎಪಿ ಹಾಕಿದೆ. ಸುತ್ತ ಒಂದು ಹುಲ್ಲುಕಡ್ಡಿಯೂ ಇರದಂತೆ ವಾರವಾರ ಕಳೆ ಕಿತ್ತೆ. ಅಂದರೆ ತಾನಾಗಿ ಬಂದು ಕೈಹಿಡಿಯಬಹುದಾಗಿದ್ದ ನೆರೆಯವರನ್ನೂ ಓಡಿಸಿದೆ! ಸಂಕ್ರಾಂತಿಯ ಹೊತ್ತಿಗೆ ಆರೂ ಕಡ್ಡಿ.

ಸತ್ತ ಸಸಿಯೊಂದನ್ನು ಬೇರುಮಣ್ಣಿನ ಸಮೇತ ಚೀಲದಲ್ಲಿ ಹಾಕಿಕೊಂಡು ಜಗಳಕ್ಕೇ ಹೋದೆ. ಅಜ್ಜ ಒಂದೇ ಮಾತು ಕೇಳಿದರು: "ಜೊತೆಯದು ಎಲ್ಲಿ?" ನಾನು ಹೇಳಿದೆ. ಸಾರಿನ ವಿಷಯವನ್ನೂ ಹೇಳಿದೆ. ಅವರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಬೇರನ್ನು ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿ ತೊಳೆದು, ಉಗುರಿನ ಮೇಲೆ ಇಟ್ಟು ತೋರಿಸಿದರು. ಗಂಧದ ಬೇರಿನ ಪಕ್ಕಕ್ಕೆ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಬಿಲ್ಲೆ. ಆ ಬಿಲ್ಲೆ ದಾರದ ಎಳೆಯಂಥ, ಒಣಗಿ ಕಪ್ಪಾದ ಇನ್ನೊಂದು ಬೇರಿನ ತುಂಡನ್ನು ಇನ್ನೂ ಕಚ್ಚಿಕೊಂಡಿತ್ತು. ನಾನು ಪೂರ್ತಿ ಕಿತ್ತೆ ಎಂದುಕೊಂಡಿದ್ದ ಹೊನಗೊನೆಯ ಬೇರು.

ಆ ಮಳೆಗಾಲಕ್ಕೆ ನಾಲ್ಕೇ ಸಸಿ ಕೊಟ್ಟರು. ಬುಡದ ಸೊಪ್ಪನ್ನು ಮುಟ್ಟಲಿಲ್ಲ, ಸುತ್ತ ತೊಗರಿ ಹಾಕಿದೆ, ಆಚೆಗೆ ಹೊಂಗೆ ನೆಟ್ಟೆ. ಈಗ ನಾಲ್ಕೂ ನನಗಿಂತ ಎತ್ತರ ಇವೆ. ಚೇಗು, ಅಂದರೆ ಒಳಗಿನ ಪರಿಮಳದ ತಿರುಳು, ಕೂಡಲು ಇನ್ನೂ ಬಹಳ ವರ್ಷ ಬೇಕು, ನನಗೆ ಅವಸರವಿಲ್ಲ.

ನಿಮ್ಮ ಪ್ರಶ್ನೆಗೆ ಬರೋಣ. ಯಾವ ಸಸಿ ತರಬೇಕು ಎಂಬ ಪ್ರಶ್ನೆಯೇ ತಪ್ಪು. ಮೊದಲ ಸಲ ಏನನ್ನೂ ತರಬೇಡಿ. ಪಟ್ಟಿ ಹಿಡಿದು ಹೋದರೆ ಕಣ್ಣು ಪಟ್ಟಿಯ ಮೇಲಿರುತ್ತದೆ, ಕಿವಿ ಬಸ್ಸಿನ ಮೇಲಿರುತ್ತದೆ. ಅಂಥ ಜಾಗದಲ್ಲಿ ಸಿಗುವ ಸುಖವೆಲ್ಲ ಪೈಪು ಬಿಚ್ಚುವುದರಲ್ಲಿ, ಎಲೆ ಉಜ್ಜುವುದರಲ್ಲಿ ಇದೆ. ಆನ್‌ಲೈನಿನಲ್ಲಿ ತರಿಸಿದರೆ ಆಗದೇ ಎಂದೂ ಕೇಳಿದ್ದೀರಿ. ತರಿಸಿಕೊಳ್ಳಿ, ಆದರೆ "ಜೊತೆಯದು ಎಲ್ಲಿ" ಎಂದು ಕೊರಿಯರ್ ಹುಡುಗ ಕೇಳುವುದಿಲ್ಲ. ದಾವಣಗೆರೆಯಲ್ಲಿ ನಿಮ್ಮದು ಮೂವತ್ತು-ನಲವತ್ತರ ನಿವೇಶನ, ಅದೂ ಎರೆಮಣ್ಣು ಎಂದಿದ್ದೀರಿ. ನೀರು ನಿಲ್ಲುವ ಎರೆಯಲ್ಲಿ ಗಂಧ ಬೇಡವೇ ಬೇಡ, ಕಳ್ಳರ ಕಾಟ ಬೇರೆ. ಮಣ್ಣನ್ನು ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿ, ಏನು ಕೊಡಬೇಕೆಂದು ಅವರೇ ಹೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಲು ಹೋಗಿ, ಮಳೆ ಹಿಡಿದ ಮೇಲೆ ತರಲು ಹೋಗಿ. ಅಜ್ಜನಿಗೆ ಬಿಡುವಿರುವುದು ಮಧ್ಯಾಹ್ನದ ಮೇಲೆ.

ಅಂದಹಾಗೆ, ಅಲ್ಲಿ ಚಹಾ ಬಹಳ ಚೆನ್ನಾಗಿ ಮಾಡುತ್ತಾರೆ. ಮಧುನಾಶಿನಿ ಅಗಿಯುವ ಮೊದಲೇ ಕುಡಿದುಬಿಡಿ.