ಮೈಕ್ ಸೆಟ್‌ಗಿಂತ ಮೊದಲು
ಬ್ರದರ್, ವರ್ಷವಿಡೀ ಸುವಾರ್ತೆಯ ಕರಪತ್ರ ಹಂಚಿದರೂ ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಹೊಸಬರು ಯಾರೂ ಬರುತ್ತಿಲ್ಲ, ಈಗ ಮೈಕ್ ಸೆಟ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಅನ್ನುತ್ತೇನೆ.

ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಗುಂಪನ್ನೇ ನೋಡಿ. ಅವರು 1722ರಲ್ಲಿ ಜಿನ್‌ಜೆನ್‌ಡಾರ್ಫ್ ಎಂಬ ಭಕ್ತ ಜಮೀನ್ದಾರರ ಜಮೀನಿಗೆ ಬಂದು ನೆಲೆಸಿದ ನಿರಾಶ್ರಿತರು. ಐದು ವರ್ಷದೊಳಗೆ ಒಳಜಗಳ ಜಾಸ್ತಿಯಾಯಿತು. ಜಿನ್‌ಜೆನ್‌ಡಾರ್ಫ್ ಮನೆಮನೆಗೆ ಹೋಗಿ ಮಾತಾಡಿದರು. 1727ರ ಆಗಸ್ಟ್ 13ರಂದು, ಯೇಸುವಿನ ಕಡೇ ಊಟವನ್ನು ನೆನೆಯುವ ಕರ್ತನ ಭೋಜನದ ಆರಾಧನೆಯಲ್ಲಿ, ಎಲ್ಲರೂ ಮನಸ್ಸು ಕರಗಿ ಒಂದಾದರು. ಅದೇ ತಿಂಗಳು 24 ಗಂಡಸರು, 24 ಹೆಂಗಸರು ಗಂಟೆಗಳನ್ನು ಹಂಚಿಕೊಂಡು ಹಗಲೂ ರಾತ್ರಿ ಪ್ರಾರ್ಥನೆ ಶುರು ಮಾಡಿದರು. ಅದು ಸುಮಾರು 100 ವರ್ಷ ನಡೆಯಿತು! 1732ರಲ್ಲಿ ಕುಂಬಾರ ಡೋಬರ್ ಮತ್ತು ಬಡಗಿ ನಿಚ್‌ಮನ್, ಗುಲಾಮರಿಗೆ ಸುವಾರ್ತೆ ಹೇಳಲು ವೆಸ್ಟ್ ಇಂಡೀಸ್‌ನ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು. ಮೊದಲು ರಾಜಿ, ಆಮೇಲೆ ಪ್ರಾರ್ಥನೆ, ಅದಾದ ಮೇಲೆ ಪ್ರಯಾಣ.

ನಿಮ್ಮ ಸಭೆಯ ಎರಡು ಕುಟುಂಬಗಳು ಮಾತು ಬಿಟ್ಟಿವೆ ಅಂತ ನೀವೇ ಬರೆದಿದ್ದೀರಿ. ಬೀದಿಯ ಜನಕ್ಕೂ ಅದು ಗೊತ್ತಿರುತ್ತದೆ, ಅಲ್ವಾ? ಹಿರಿಯರನ್ನು ಕರೆದುಕೊಂಡು ಮೊದಲು ಆ ಮನೆಗಳಿಗೆ ಹೋಗಿ. ಜೊತೆಗೆ ನಾಲ್ಕೈದು ಜನ ಸೇರಿ, ನೆರೆಹೊರೆಯವರ ಹೆಸರು ಹಿಡಿದು ದಿನಾ ಪ್ರಾರ್ಥಿಸಿ. ಅವರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಊಟ ತೆಗೆದುಕೊಂಡು ಹೋಗಿ. ಕರಪತ್ರ ಆ ದಿನ ಮನೆಯಲ್ಲೇ ಇರಲಿ.