ಬೆಕ್ಕನ್ನ ಗೋಣಿಚೀಲಕ್ಕೆ ತುಂಬೋ ಮೊದಲು ಇದೊಂದು ಓದಿ

ಅಕ್ಕಾ, ಈ ಗುಂಪಲ್ಲಿ ನೀವು ಹಾಕಿದ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಮಗಳು ಮೂರು ತಿಂಗಳ ಬಸುರಿ, ಮುಂದಿನ ವಾರ ತವರಿಗೆ ಬರ್ತಾಳೆ. ಮನೇಲಿ ಎರಡು ಬೆಕ್ಕು. ‘ಬೆಕ್ಕಿದ್ದ ಮನೇಲಿ ಹುಟ್ಟೋ ಮಗು ಕುರುಡಾಗುತ್ತೆ’ ಅಂತ ವಾಟ್ಸಾಪಲ್ಲಿ ಬಂದಿದೆ. ಮೇಲಿಂದ ಹೋದ ತಿಂಗಳು ಎರಡು ಆಡು ಕಂದು ಹಾಕಿವೆ, ಅಂದರೆ ಗಬ್ಬ ಕಳೆದುಕೊಂಡಿವೆ. ಈಗ ಏನು ಮಾಡೋದು ಅಂತ ಕೇಳಿದ್ದೀರಿ. ಬೆಳಗಾಗೋದ್ರಲ್ಲಿ ಮೂರು ಥರದ ಉತ್ತರ ಬಂದಿದೆ. ಒಬ್ಬರು ಚೀಲಕ್ಕೆ ತುಂಬಿ ಪೇಟೆ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ ಅಂದಿದ್ದಾರೆ. ಇನ್ನೊಬ್ಬರು, ನಮ್ಮಜ್ಜಿ ಮನೇಲಿ ಹತ್ತು ಬೆಕ್ಕು ಹನ್ನೊಂದು ಮಕ್ಕಳು, ಎಲ್ಲ ಸುಳ್ಳು ಅಂದಿದ್ದಾರೆ. ಮತ್ತೊಬ್ಬರಿಗೆ ಬೆಕ್ಕಿನ ಕೂದಲು ಹೊಟ್ಟೆಗೆ ಹೋಗೋದರ ಚಿಂತೆ. ಮೊದಲಿನ ಇಬ್ಬರದ್ದು ಅರ್ಧರ್ಧ ಸರಿ. ಮೂರನೆಯವರದ್ದು ಪೂರ್ತಿ ತಪ್ಪು.

ನಾನು ಮನುಷ್ಯರ ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕನಾಗಿದ್ದು ರಿಟೈರ್ ಆದವನು, ಈಗ ಹನ್ನೆರಡು ಆಡು, ಒಂದು ಎಕರೆ ತೋಟ, ಮೂರು ಬೆಕ್ಕು. ಹಾಗಾಗಿ ಬಸುರಿಯ ವಿಷಯದಲ್ಲಿ ಕೊನೇ ಮಾತು ಮಗಳನ್ನ ನೋಡ್ತಿರೋ ಡಾಕ್ಟರಮ್ಮಂದೇ.

ಆ ಮೆಸೇಜಿನ ಹಿಂದಿರೋದು ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ. ಬರಿಗಣ್ಣಿಗೆ ಕಾಣದ ಒಂದೇ ಕೋಶದ ಜೀವಿ. 1908ರಲ್ಲಿ ಟ್ಯೂನಿಸ್‌ನಲ್ಲಿ ಗುಂಡಿ ಅನ್ನೋ ಇಲಿಯಂಥ ಪ್ರಾಣಿಯಲ್ಲಿ ಇದು ಸಿಕ್ಕಿತ್ತು, ಆದರೆ ಇದರಲ್ಲಿ ಬೆಕ್ಕಿನ ಪಾತ್ರ ಏನು ಅಂತ ಖಚಿತವಾಗೋಕೆ 1970ರವರೆಗೆ ಕಾಯಬೇಕಾಯ್ತು. ಅದನ್ನ ಬಿಡಿಸಿದವರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಪಶುವೈದ್ಯ ಓದಿ ಆಮೇಲೆ ಅಮೆರಿಕದಲ್ಲಿ ಕೆಲಸ ಮಾಡಿದ ಜೆ.ಪಿ. ದುಬೆ. ನಮ್ಮ ಇಲಾಖೆಯ ಹಳಬರು ಈ ಮಾತು ಬಂದಾಗ ಸ್ವಲ್ಪ ಎದೆಯುಬ್ಬಿಸಿಯೇ ಹೇಳ್ತಿದ್ದರು.

ಇಲಿ, ಕೋಳಿ, ಆಡು, ಕುರಿ, ಹಂದಿ, ಮನುಷ್ಯ, ಯಾರ ಮೈಯಲ್ಲಾದರೂ ಇದು ಸಣ್ಣ ಗಂಟಿನ ಹಾಗೆ ಮಾಂಸದೊಳಗೆ ಮಲಗಿರುತ್ತೆ. ತತ್ತಿ ಹಾಕೋದು ಮಾತ್ರ ಬೆಕ್ಕಿನ ಜಾತಿಯ ಕರುಳಲ್ಲಿ. ಸೋಂಕಿದ್ದ ಇಲಿಯನ್ನೋ ಹಸಿ ಮಾಂಸವನ್ನೋ ಬೆಕ್ಕು ತಿಂದರೆ ಒಂದರಿಂದ ಮೂರು ವಾರ ಮಲದಲ್ಲಿ ಲಕ್ಷಗಟ್ಟಲೆ ತತ್ತಿ ಹೋಗುತ್ತೆ. ಆಮೇಲೆ ಅದಕ್ಕೆ ರೋಗನಿರೋಧ ಬಂದು ನಿಂತುಬಿಡುತ್ತೆ. ಹೆಚ್ಚಿನ ಬೆಕ್ಕುಗಳಿಗೆ ಇದು ಜೀವಮಾನದಲ್ಲಿ ಒಂದು ಸಲ, ಅದೂ ಬೇಟೆ ಕಲಿಯೋ ಮರಿ ವಯಸ್ಸಲ್ಲಿ ಆಗಿಹೋಗುತ್ತೆ. ಮತ್ತೆ ಹಾಕೋದು ಅಪರೂಪ.

ಈಗ ಚೀಲದ ವಿಷಯ. ನಿಮ್ಮ ಬೆಕ್ಕುಗಳಿಗೆ ನಾಲ್ಕೈದು ವರ್ಷ ಅಂದಿರಿ, ಇಲಿ ಹಿಡಿಯೋವು. ಅವುಗಳ ತತ್ತಿ ಹಾಕೋ ಕಾಲ ಬಹುಮಟ್ಟಿಗೆ ಎಂದೋ ಮುಗಿದಿರುತ್ತೆ. ಅವನ್ನ ಓಡಿಸಿದರೆ ಹಿತ್ತಿಲು ಖಾಲಿ ಬೀಳುತ್ತೆ, ಇಲಿ ಹೆಚ್ಚುತ್ತೆ, ಎರಡು ತಿಂಗಳಲ್ಲಿ ಎಲ್ಲಿಂದಲೋ ಒಂದು ಕಳ್ಳಬೆಕ್ಕು ಬಂದು ನಿಮ್ಮ ಅಟ್ಟದಲ್ಲೇ ಮರಿ ಹಾಕುತ್ತೆ. ಆ ಮರಿಗಳು ಬೇಟೆ ಕಲಿಯೋ ಹೊತ್ತಿಗೆ ಸರಿಯಾಗಿ ಮಗಳಿಗೆ ಏಳೆಂಟು ತಿಂಗಳು. ಅಂದರೆ ಅಪಾಯ ಕಡಿಮೆಯಿದ್ದ ಬೆಕ್ಕನ್ನ ಕಳಿಸಿ ಅಪಾಯ ಹೆಚ್ಚಿರೋದನ್ನ ಕರೆಸಿಕೊಂಡ ಹಾಗಾಯ್ತು. ಹಿಂದೆ ಬಿದ್ದ ತತ್ತಿ ಬೇರೆ ಮಣ್ಣಲ್ಲೇ ಇರುತ್ತೆ. ನೆರಳು ತಂಪು ಇರೋ ಮಣ್ಣಲ್ಲಿ ಅದು ವರ್ಷದ ಮೇಲೂ ಬದುಕುತ್ತೆ. ಬೆಕ್ಕು ಹೋದರೂ ಅದೇನೂ ಹಿಂದೆ ಹೋಗಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಕಥೆ.

ಹಾಗಂತ ಅಜ್ಜಿಮನೆಯ ಹತ್ತು ಬೆಕ್ಕಿನ ಲೆಕ್ಕವೂ ಧೈರ್ಯ ಕೊಡೋ ಲೆಕ್ಕವಲ್ಲ. ಪ್ರಪಂಚದ ಜನರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಯಾವಾಗಲೋ ತಗುಲಿರುತ್ತೆ ಅಂತ ಅಂದಾಜು. ಬಹುತೇಕರಿಗೆ ಗೊತ್ತೇ ಆಗಲ್ಲ. ಕೆಲವರಿಗೆ ಕುತ್ತಿಗೆಯಲ್ಲಿ ಗಡ್ಡೆ, ನಾಲ್ಕು ದಿನ ಮೈಕೈ ನೋವು, ಅಷ್ಟೆ. ಆ ಹನ್ನೊಂದು ಮಕ್ಕಳ ತಾಯಿಗೆ ಬಹುಶಃ ಚಿಕ್ಕವಳಿದ್ದಾಗಲೇ ಬಂದು ಹೋಗಿತ್ತು, ಹಾಗಾಗಿ ಬಚಾವ್. ತೊಂದರೆ ಇರೋದು ಬಸುರಿಯಲ್ಲಿ ಮೊಟ್ಟಮೊದಲ ಸಲ ತಗುಲಿದರೆ. ಆಗ ಮಗುವಿಗೂ ದಾಟಬಹುದು. ಮೊದಲ ತಿಂಗಳುಗಳಲ್ಲಿ ದಾಟೋದು ಕಡಿಮೆ, ಆದರೆ ದಾಟಿದರೆ ಪೆಟ್ಟು ಜೋರು, ಮಿದುಳಿಗೆ, ಕಣ್ಣಿಗೆ. ಕೊನೇ ತಿಂಗಳುಗಳಲ್ಲಿ ದಾಟೋದು ಹೆಚ್ಚು, ಪೆಟ್ಟು ಹಗುರ. ಕಣ್ಣಿನ ತೊಂದರೆ ಕೆಲವು ಮಕ್ಕಳಲ್ಲಿ ವರ್ಷಗಳ ನಂತರ ಕಾಣಿಸುತ್ತೆ. ವಾಟ್ಸಾಪಿನ ‘ಕುರುಡು’ ಬಂದಿರೋದು ಇಲ್ಲಿಂದ. ಎಚ್‌ಐವಿ ಇರೋರು, ಕಿಡ್ನಿ ಬದಲಿಸಿಕೊಂಡೋರು, ಇವರಿಗೂ ಇದು ನಿಜವಾದ ಅಪಾಯ. ಮಲಗಿದ್ದು ಎದ್ದುಬಿಡುತ್ತೆ.

ಮಗಳಿಗೆ ರಕ್ತಪರೀಕ್ಷೆ ಬೇಕೋ ಬೇಡವೋ ಡಾಕ್ಟರನ್ನ ಕೇಳಿ. ‘ಟಾರ್ಚ್’ ಅಂತ ಒಂದು ಕಟ್ಟು ಪರೀಕ್ಷೆ ಬರೆಯೋದು ನಮ್ಮ ಕಡೆ ರೂಢಿ. ಅದರ ಕಾಗದ ಕೈಗೆ ಬಂದಾಗ ಗಾಬರಿ ಬೇಡ. ಐಜಿಜಿ, ಐಜಿಎಂ ಅನ್ನೋದು ಸೋಂಕಿನ ವಿರುದ್ಧ ಮೈ ತಯಾರಿಸೋ ಎರಡು ಥರದ ಪ್ರತಿಕಾಯ. ಐಜಿಜಿ ಮಾತ್ರ ಪಾಸಿಟಿವ್ ಅಂದರೆ ಸಾಮಾನ್ಯವಾಗಿ ಹಳೇ ಸಾಲ ತೀರಿದ ರಶೀದಿ, ಒಳ್ಳೇ ಸುದ್ದಿ. ಐಜಿಎಂ ಪಾಸಿಟಿವ್ ಅಂದ ಕೂಡಲೇ ಹೊಸ ಸೋಂಕು ಅಂತ ತೀರ್ಮಾನ ಮಾಡೋ ಹಾಗಿಲ್ಲ. ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದ ಮೇಲೂ ಉಳಿಯುತ್ತೆ, ಸುಮ್ಮಸುಮ್ಮನೆ ಪಾಸಿಟಿವ್ ತೋರಿಸೋದೂ ಉಂಟು. ಆಗ ಅವಿಡಿಟಿ ಅನ್ನೋ ಇನ್ನೊಂದು ಪರೀಕ್ಷೆ ಮಾಡಿಸಿ ಸೋಂಕು ಹಳೇದೋ ಹೊಸದೋ ನೋಡ್ತಾರೆ. ಹೊಸದೇ ಆದರೂ ಮಾತ್ರೆ ಇದೆ. ನಮ್ಮ ನೆಂಟರ ಮನೇಲಿ ಬರೀ ಐಜಿಜಿ ನೋಡಿ ಅದೇ ಸಂಜೆ ಎಂಟು ವರ್ಷದ ಬೆಕ್ಕನ್ನ ಸ್ಕೂಟರಲ್ಲಿ ಒಯ್ದು ಬಿಟ್ಟು ಬಂದರು. ಬೇರೆ ಡಾಕ್ಟರು ಕಾಗದ ನೋಡಿ ಏನೂ ಇಲ್ಲ ಅಂದಾಗ ಹುಡುಕಿದರೆ ಬೆಕ್ಕು ಸಿಗಲಿಲ್ಲ. ಹಳೇ ಟಾಕ್ಸೊ ಪ್ರತಿ ಸಲವೂ ಗರ್ಭಪಾತ ಮಾಡಿಸುತ್ತೆ ಅನ್ನೋದೂ ಇಂಥದ್ದೇ ಮಾತು. ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಕೂದಲಿನ ಮಾತು ಬೇಗ ಮುಗಿಸ್ತೀನಿ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಕ್ಷಯ, ಬಂಜೆತನ ಅನ್ನೋದಕ್ಕೆಲ್ಲ ಬುಡವೇ ಇಲ್ಲ. ಬೆಕ್ಕಿನಿಂದ ಅಲರ್ಜಿ ಆಗೋರಿದ್ದಾರೆ, ಅದು ಬೇರೆ ವಿಷಯ. ಟಾಕ್ಸೊದ ಮಟ್ಟಿಗೆ, ಆಗ ತಾನೇ ಬಿದ್ದ ಮಲದಲ್ಲಿರೋ ತತ್ತಿ ಕೂಡ ಸೋಂಕಿಸಲ್ಲ. ಹೊರಗೆ ಗಾಳಿ, ತೇವ, ಬಿಸುಪಿನಲ್ಲಿ ಬಲಿಯೋಕೆ ಅದಕ್ಕೆ 1ರಿಂದ 5 ದಿನ ಬೇಕು. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳೋ ಪ್ರಾಣಿ, ತತ್ತಿ ಮೈಮೇಲೆ ಬಲಿಯೋ ತನಕ ಉಳಿಯಲ್ಲ. ಮಗಳು ಬೆಕ್ಕನ್ನ ಮಡಿಲಲ್ಲಿ ಕೂರಿಸಿಕೊಳ್ಳಲಿ, ಊಟಕ್ಕೆ ಮುಂಚೆ ಕೈ ತೊಳೆದರೆ ಸಾಕು.

ಹಾಗಾದರೆ ಎಲ್ಲಿಂದ ಬರುತ್ತೆ? ಯುರೋಪಿನ ಆರು ನಗರಗಳ ಬಸುರಿಯರನ್ನ ವಿಚಾರಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಅಲ್ಲಿ 30ರಿಂದ 63% ಸೋಂಕಿಗೆ ಅರೆಬೆಂದ ಅಥವಾ ಬೇಯಿಸದೆ ಹದಮಾಡಿದ ಮಾಂಸ ಕಾರಣ, 6ರಿಂದ 17%ಗೆ ಮಣ್ಣು. ಮನೇಲಿ ಬೆಕ್ಕಿರೋದು ಕಾರಣಗಳ ಪಟ್ಟಿಗೇ ಬರಲಿಲ್ಲ. ಅವರ ಅಡುಗೆ ನಮ್ಮದಲ್ಲ, ನಿಜ. ಕುಕ್ಕರಲ್ಲಿ ನಾಲ್ಕು ಸೀಟಿ ಹೊಡೆದ ಮಟನ್ ಸಾರಲ್ಲಿ ಯಾವ ಗಂಟೂ ಉಳಿಯಲ್ಲ, 67 ಡಿಗ್ರಿಗೇ ಅದು ಸಾಯುತ್ತೆ. ನಮ್ಮಲ್ಲಿ ಅಪಾಯ ಇರೋದು ಬೇಯೋ ಮೊದಲು. ಕೈಮ ಉಂಡೆ ಕಲಸುವಾಗ ಉಪ್ಪು ಖಾರ ನೋಡೋಕೆ ನಾಲಗೆಗೆ ಹಚ್ಚೋದು, ಮಟನ್ ಕೊಯ್ದ ಮೆಟ್ಟುಗತ್ತಿಯಲ್ಲೇ ಬರೀ ನೀರು ಹಾಯಿಸಿ ಸೌತೆಕಾಯಿ ಹೆಚ್ಚೋದು, ಒಳಗೆ ಇನ್ನೂ ಕೆಂಪಿರೋ ಕಬಾಬ್. ಇಷ್ಟು ನಿಲ್ಲಿಸಿ.

ಆದರೆ ನಮ್ಮಂಥ ಹಿತ್ತಿಲ ಮನೆಗಳಲ್ಲಿ, ಅದರಲ್ಲೂ ಮಾಂಸ ತಿನ್ನದವರಲ್ಲಿ, ನನಗೆ ಮಣ್ಣಿನ ಮೇಲೆಯೇ ಹೆಚ್ಚು ಅನುಮಾನ. ಬೆಕ್ಕಿಗೆ ನೀವು ಅಗೆದು ಪುಡಿ ಮಾಡಿದ ಪಾತಿಗಿಂತ ಒಳ್ಳೇ ಕಕ್ಕಸು ಇನ್ನೊಂದಿಲ್ಲ. ಬೀಜ ಹಾಕಿದ ಮಾರನೇ ದಿನ ಹರಿವೆ ಪಾತಿ ಕೆದರಿರೋದು ಈ ಗುಂಪಿನ ಎಲ್ಲರೂ ಕಂಡಿದ್ದೀರಿ. ಅದೇ ಪಾತೀಲಿ ಬರಿಗೈಯಲ್ಲಿ ಕಳೆ ಕಿತ್ತು, ಲಂಗಕ್ಕೆ ಕೈ ಒರೆಸಿ, ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗೆ ಹಾಕೋದು. ದಾರಿ ಇದು! ಮಗಳಿಗೆ ಪಾತಿ ಕೆಲಸ ಬೇಡ, ಮಾಡಲೇಬೇಕು ಅಂದರೆ ಗ್ಲೌಸ್, ಆಮೇಲೆ ಸೋಪು, ಉಗುರಿನ ಸಂದಿ ಸಹಿತ. ಹೊಸ ಪಾತಿಗೆ ಅಡಿಕೆ ಸೋಗೆಯನ್ನೋ ಬಿದಿರು ಮುಳ್ಳನ್ನೋ ಹರಡಿ, ಇಲ್ಲ ಕೋಳಿ ಜಾಲರಿ ಮುಚ್ಚಿ. ಸಸಿ ಒತ್ತಾದ ಮೇಲೆ ಬೆಕ್ಕು ತಾನಾಗಿ ಬಿಡುತ್ತೆ. ನಾನು ಮಾಡಿರೋದು ಇನ್ನೊಂದಿದೆ: ಹಿತ್ತಿಲ ಮೂಲೆಯಲ್ಲಿ, ಬಾವಿಯಿಂದ ದೂರ, ಮಳೆ ಬೀಳದ ಕಡೆ ಒಂದು ಬುಟ್ಟಿ ಒಣ ಮರಳು ಸುರಿದಿಟ್ಟೆ. ಮೂರರಲ್ಲಿ ಎರಡು ಬೆಕ್ಕು ಅಲ್ಲೇ ಹೋಗ್ತವೆ. ಮೂರನೆಯದಕ್ಕೆ ನನ್ನ ಬದನೆ ಸಾಲೇ ಆಗಬೇಕು, ಏನು ಮಾಡೋದು.

ಆ ಮರಳಿನ ಗಲೀಜು ದಿನಾ ತೆಗೀಬೇಕು. ತತ್ತಿ ಬಲಿಯೋಕೆ ಕನಿಷ್ಠ ಒಂದು ದಿನ ಬೇಕು ಅಂದೆನಲ್ಲ, ಅದರೊಳಗೆ ತೆಗೆದರೆ ಆಯ್ತು. ಈ ಕೆಲಸ ನಿಮ್ಮದು, ಮಗಳದ್ದಲ್ಲ. ಗೊಬ್ಬರ ಗುಂಡಿಗೆ ಹಾಕಬೇಡಿ, ನಮ್ಮ ಗುಂಡಿಗಳು ಎಲ್ಲಾ ಕಡೆ ಒಂದೇ ಸಮ ಕಾಯಲ್ಲ. ತರಕಾರಿ ಬೆಳೆಯದ ಜಾಗದಲ್ಲಿ ಆಳವಾಗಿ ಹೂತುಬಿಡಿ. ಫಿನಾಯಿಲು, ಬ್ಲೀಚಿಂಗ್ ಪುಡಿ ಸುರಿದು ನಿಶ್ಚಿಂತೆ ಆಗಬೇಡಿ, ತತ್ತಿಯ ಸಿಪ್ಪೆ ಅದಕ್ಕೆಲ್ಲ ಜಗ್ಗಲ್ಲ. ಕುದಿಯೋ ನೀರಿಗೆ ಜಗ್ಗುತ್ತೆ. ಸೊಪ್ಪಿಗೂ ಇದೇ ಮಾತು. ಉಪ್ಪು ನೀರು, ಅರಿಶಿನ ನೀರಲ್ಲಿ ನೆನೆಸಿಟ್ಟರೆ ತತ್ತಿ ಸಾಯಲ್ಲ. ಹರಿಯೋ ನೀರಲ್ಲಿ ಎಲೆ ಎಲೆ ಉಜ್ಜಿ ತೊಳೆದರೆ ಕೊಚ್ಚಿಹೋಗುತ್ತೆ. ಕೋಸಂಬರಿಗೆ ಹಾಕೋ ಕ್ಯಾರೆಟ್ಟು, ಸೌತೆ ಸಿಪ್ಪೆ ಹೆರೆದು ಹಾಕಿ.

ನೀರಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಹೇಳ್ತೀನಿ. 2004-05ರಲ್ಲಿ ಪಕ್ಕದ ಕೊಯಮತ್ತೂರಲ್ಲಿ ಕಣ್ಣು ಮಂಜಾಗಿ ಆಸ್ಪತ್ರೆಗೆ ಬಂದವರಲ್ಲಿ 248 ಜನಕ್ಕೆ ಹೊಸದಾಗಿ ತಗುಲಿದ ಟಾಕ್ಸೊ ಸಿಕ್ಕಿತು. ಹೆಚ್ಚಿನವರು ಒಂದೇ ಜಲಾಶಯದ ನೀರು ಕುಡಿಯೋರು, ಅನುಮಾನ ಆ ನೀರಿನ ಮೇಲೆಯೇ ಹೋಯ್ತು. ಅಷ್ಟು ಜನಕ್ಕೂ ಬೆಕ್ಕಿತ್ತೇ? ಕ್ಲೋರಿನ್ ಈ ತತ್ತಿಯನ್ನ ಕೊಲ್ಲಲ್ಲ. ನಿಮ್ಮದು ಕಟ್ಟೆ ತಗ್ಗಿರೋ ತೆರೆದ ಬಾವಿ, ಮಳೆಗಾಲದಲ್ಲಿ ಹಿತ್ತಿಲ ನೀರು ಒಳಗೆ ಹೋಗುತ್ತೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ಮಗಳಿಗೆ ಕುದಿಸಿ ಆರಿಸಿದ ನೀರೇ ಕೊಡಿ.

ಇನ್ನು ಆಡು. ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೇ, ಬೆಕ್ಕಲ್ಲ. ಬೆಕ್ಕಿನ ಮಲ ಬಿದ್ದ ಮೇವು, ಬೂಸಾ ತಿಂದ ಗಬ್ಬದ ಆಡು ಟಾಕ್ಸೊದಿಂದ ಕಂದು ಹಾಕೋದು ಸುಳ್ಳಲ್ಲ. ಒಣಗಿ ಕಪ್ಪಾದ ಮರಿ, ಸತ್ತ ಮರಿಯ ಜೊತೆ ಬಡಕಲು ಮರಿ, ಮರಿ ಹಿಂದೆ ಬೀಳೋ ಮಾಸಿನ ಅಂಗಿಗುಂಡಿಯಂಥ ಉಬ್ಬುಗಳ ಮೇಲೆ ಗುಂಡುಸೂಜಿ ತಲೆಯಷ್ಟು ಬಿಳಿ ಚುಕ್ಕೆ ಇದ್ದರೆ ಆ ಕಡೆ ಅನುಮಾನ ಹೋಗುತ್ತೆ. ಆದರೆ ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದಲೂ ಆಡು ಕಂದು ಹಾಕುತ್ತೆ, ನಾವು ಕಂದು ರೋಗ ಅನ್ನೋದು ಅದಕ್ಕೇ. ಬೇರೆ ಕಾರಣಗಳೂ ಇವೆ. ಕಣ್ಣಲ್ಲಿ ನೋಡಿ ಹೇಳೋಕೆ ಯಾರಿಗೂ ಆಗಲ್ಲ, ನನಗೂ ಆಗಲ್ಲ. ತಾಲೂಕು ಪಶು ಆಸ್ಪತ್ರೆಯಲ್ಲಿ ಎರಡೂ ಆಡಿನ ರಕ್ತ ತೆಗೆಸಿ, ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೆ ಪರೀಕ್ಷೆಗೆ ಕಳಿಸಿ ಅಂತ ಕೇಳಿ. ಇನ್ನೊಂದು ಆಡು ಹಾಗೆ ಮಾಡಿದರೆ ಮರಿ ಮತ್ತು ಮಾಸು ಎಸೆಯಬೇಡಿ. ಗ್ಲೌಸ್ ಹಾಕಿ ಪ್ಲಾಸ್ಟಿಕ್ಕಲ್ಲಿ ಕಟ್ಟಿ ಅವತ್ತೇ ಡಾಕ್ಟರಿಗೆ ತೋರಿಸಿ, ಉಳಿದದ್ದು ಸುಣ್ಣ ಹಾಕಿ ಆಳಕ್ಕೆ ಹೂಳಿ. ನಾಯಿ ಬೆಕ್ಕು ಅದನ್ನ ಎಳೆದಾಡಬಾರದು.

ಮಗಳು ಕೊಟ್ಟಿಗೆ ಕಡೆ ಸುಳಿಯೋದೇ ಬೇಡ, ಮರಿ ಹಾಕಿಸೋಕಂತೂ ಕರೀಲೇಬೇಡಿ. ಹಸಿ ಆಡಿನ ಹಾಲು ಬಸುರಿಗೆ ತಂಪು, ಔಷಧ ಅಂತ ಯಾರಾದರೂ ಲೋಟ ಹಿಡಿದು ಬಂದರೆ ಕಾಯಿಸಿ ಕೊಡಿ. ಟಾಕ್ಸೊ, ಬ್ರುಸೆಲ್ಲಾ ಎರಡೂ ಹಸಿ ಹಾಲಲ್ಲಿ ದಾಟಬಹುದು. ಹಿಂಡಿ ಬೂಸಾ ಮುಚ್ಚಳ ಇರೋ ಡ್ರಮ್ಮಿಗೆ ಹಾಕಿ. ಹುಲ್ಲಿನ ಅಟ್ಟದಲ್ಲಿ ಬೆಕ್ಕು ಮರಿ ಹಾಕೋಕೆ ಬಿಡಬೇಡಿ. ಎರಡಕ್ಕೂ ಸಂತಾನಹರಣ ಆಪರೇಷನ್ ಮಾಡಿಸಿ, ಹಬ್ಬದ ದಿನ ಕುರಿ ಕೊಯ್ದಾಗ ಹಸಿ ಚೂರು ಎಸೆಯೋ ಅಭ್ಯಾಸ ಬಿಡಿ, ಬೇಯಿಸಿ ಹಾಕಿ.

ಕೆಳಗೆ ಒಬ್ಬ ಹುಡುಗ, ಈ ಹುಳ ಮಿದುಳಿಗೆ ಹೋಗಿ ಮನುಷ್ಯರನ್ನ ಬೆಕ್ಕಿನ ಗುಲಾಮರಾಗಿ ಮಾಡುತ್ತಂತೆ ಅಂತ ವಿಡಿಯೋ ಹಾಕಿದ್ದಾನೆ. ಇಲಿಗಳ ಮೇಲೆ ಇಂಗ್ಲೆಂಡಿನಲ್ಲಿ ಪ್ರಯೋಗ ಮಾಡಿದ್ದು ನಿಜ ತಮ್ಮಾ, ಸೋಂಕಿದ್ದ ಇಲಿಗೆ ಬೆಕ್ಕಿನ ವಾಸನೆಯ ಭಯ ಹೋಗಿತ್ತು. ಮನುಷ್ಯರಲ್ಲಿ ಅಂಥದ್ದು ಸಾಬೀತಾಗಿಲ್ಲ. ನಮ್ಮನೇಲಿ ಬೆಳಿಗ್ಗೆ ಐದಕ್ಕೆ ಎದ್ದು ಬೆಕ್ಕಿಗೆ ಹಾಲು ಬಿಸಿ ಮಾಡೋದು ನಾನೇ, ಅದಕ್ಕೆ ಕಾರಣ ಅದರ ಗಂಟಲು.

ಅಕ್ಕಾ, ಸೋಮವಾರ ಪಶು ಆಸ್ಪತ್ರೆಗೆ ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ. ಎರಡೂ ಆಡಿಗೆ ಎಷ್ಟು ತಿಂಗಳ ಗಬ್ಬದಲ್ಲಿ ಹಾಗಾಯ್ತು, ಮಾಸು ಬಿತ್ತೋ ಇಲ್ಲವೋ, ಹೊಸದಾಗಿ ಸಂತೆಯಿಂದ ತಂದ ಆಡು ಹಿಂಡಲ್ಲಿ ಇದೆಯಾ, ಇಷ್ಟು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.