ಬಟನ್ ಒತ್ತಿದರೆ ಟಕಟಕ ಸದ್ದು ಮಾತ್ರ: ಮಾಡ್ಯೂಲ್ ಬದಲಿಸಬೇಕೇ?

ಪ್ರಶ್ನೆ: ನನ್ನದು ಪುಶ್ ಬಟನ್ ಸ್ಟಾರ್ಟ್ ಇರುವ ಪೆಟ್ರೋಲ್ ಕಾರು. ಕೆಲವು ದಿನ ಬೆಳಿಗ್ಗೆ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಹತ್ತುತ್ತವೆ, ಟಕಟಕ ಸದ್ದು ಬರುತ್ತದೆ, ಆದರೆ ಎಂಜಿನ್ ತಿರುಗುವುದಿಲ್ಲ. ಒಮ್ಮೊಮ್ಮೆ ಕೀ ಸಿಗುತ್ತಿಲ್ಲ ಎಂಬ ಸಂದೇಶವೂ ಕಾಣುತ್ತದೆ. ಮತ್ತೆ ಮತ್ತೆ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಬಟನ್ ಮತ್ತು ಕಂಟ್ರೋಲ್ ಮಾಡ್ಯೂಲ್ ಎರಡನ್ನೂ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ಟಕಟಕ ಸದ್ದು ಬರುತ್ತಿದೆ ಅಂದರೆ ನಿಮ್ಮ ಬಟನ್ ಕೆಲಸ ಮಾಡುತ್ತಿದೆ. ಬಟನ್ ಮೂಲಕ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್‌ಗೆ ನೇರವಾಗಿ ಕರೆಂಟ್ ಹೋಗುವುದಿಲ್ಲ. ಅದು ಕಾರಿನ ಕಂಪ್ಯೂಟರಿಗೆ, ಅಂದರೆ ಕಂಟ್ರೋಲ್ ಮಾಡ್ಯೂಲ್‌ಗೆ, ಒಂದು ಸೂಚನೆ ಕೊಡುತ್ತದೆ, ಅಷ್ಟೆ. ಕೀ ಒಳಗಿದೆಯಾ, ಬ್ರೇಕ್ ಅಥವಾ ಕ್ಲಚ್ ತುಳಿದಿದ್ದಾರಾ, ಸ್ಟೀರಿಂಗ್ ಲಾಕ್ ಬಿಟ್ಟಿದೆಯಾ ಅಂತ ಕಂಪ್ಯೂಟರ್ ನೋಡಿ, ಆಮೇಲೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಆನ್ ಮಾಡುತ್ತದೆ. ಆಗ ಸ್ಟಾರ್ಟರ್ ಮೋಟರ್ 100 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಬ್ಯಾಟರಿಗೆ ಶಕ್ತಿ ಇಲ್ಲದಿದ್ದರೆ ವೋಲ್ಟೇಜ್ ಕುಸಿದು ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಬಿಟ್ಟುಕೊಳ್ಳುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಆ ಟಕಟಕ ಇದೇ. ವೋಲ್ಟೇಜ್ ಹೀಗೆ ಕುಸಿದಾಗ ಮಾಡ್ಯೂಲ್‌ಗಳು ತಬ್ಬಿಬ್ಬಾಗಿ ಇಲ್ಲದ ದೋಷಗಳನ್ನೂ ತೋರಿಸಬಹುದು.

ಪರೀಕ್ಷಿಸಲು ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆ ಇದ್ದರೆ ಹೆಚ್ಚುಕಡಿಮೆ ಖಾಲಿ. ಆದರೆ ಇಷ್ಟಕ್ಕೇ ನಿಲ್ಲಬೇಡಿ. ಮೀಟರ್ ಹಿಡಿದುಕೊಂಡೇ ಇನ್ನೊಬ್ಬರಿಗೆ ಬಟನ್ ಒತ್ತಲು ಹೇಳಿ. ಆಗ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಪೂರ್ತಿ ಚಾರ್ಜ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಬಿದ್ದರೆ ಬ್ಯಾಟರಿ ಹೋಗಿದೆ ಅಂತಲೇ ಲೆಕ್ಕ.

ವೋಲ್ಟೇಜ್ ಬೀಳದೆ 12ರ ಹತ್ತಿರವೇ ನಿಂತು, ಎಂಜಿನ್ ಮಾತ್ರ ತಿರುಗದಿದ್ದರೆ? ಜೋಡಣೆಗಳನ್ನು ನೋಡಿ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೂ, ಇನ್ನೊಂದನ್ನು ಅದಕ್ಕೆ ಬಿಗಿದ ಕ್ಲಾಂಪ್ ಮೇಲೂ ಇಟ್ಟು ಬಟನ್ ಒತ್ತಿಸಿ. ಎರಡೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಹಾಗಾಗಿ ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್ ಬಂತು ಅಂದರೆ ಮಧ್ಯೆ ಬಿಳಿ ಅಥವಾ ಹಸಿರು ಪುಡಿ ಕೂತಿದೆ, ಇಲ್ಲವೇ ಕ್ಲಾಂಪ್ ಸಡಿಲವಾಗಿದೆ. ನೆಗೆಟಿವ್ ಕಂಬ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆಯೂ ಹೀಗೇ ನೋಡಿ. ಅಲ್ಲಿ ಅರ್ಧ ವೋಲ್ಟ್ ದಾಟಿದರೆ ಅರ್ಥ್ ವೈರ್ ಕೆಟ್ಟಿದೆ. ಎಷ್ಟೋ ಒಳ್ಳೆಯ ಮಾಡ್ಯೂಲ್‌ಗಳು ಈ ಒಂದು ವೈರಿನಿಂದಾಗಿ ಸುಮ್ನೆ ಬದಲಾಗುತ್ತವೆ. ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಇಲ್ಲೆಲ್ಲ ಸರಿ ಇದ್ದರೆ ಆಮೇಲೆ ಸ್ಟಾರ್ಟರ್ ಪರೀಕ್ಷಿಸಿ.

ಕೀ ಸಂದೇಶಕ್ಕೆ ಇನ್ನೊಂದು ಕಾರಣವೂ ಇರಬಹುದು. ರಿಮೋಟಿನ ಸೆಲ್ ಬದಲಿಸಿ ನೋಡಿ, ಬಹಳಷ್ಟರಲ್ಲಿ ಸಿಆರ್2032 ಇರುತ್ತದೆ. ಸೆಲ್ ಪೂರ್ತಿ ಸತ್ತರೂ ಹೆಚ್ಚಿನ ಕಾರುಗಳಲ್ಲಿ ರಿಮೋಟನ್ನು ಬಟನ್‌ಗೆ ತಾಗಿಸಿ ಸ್ಟಾರ್ಟ್ ಮಾಡಬಹುದು. ಒಳಗಿರುವ ಚಿಪ್‌ಗೆ ಸೆಲ್ ಬೇಕಿಲ್ಲ. ಕೆಲವು ಕಾರುಗಳಲ್ಲಿ ಇಡುವ ಜಾಗ ಬೇರೆ, ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ.

ಹೊಸ ಬ್ಯಾಟರಿಯೂ ಪದೇ ಪದೇ ಇಳಿಯುತ್ತಿದ್ದರೆ ಮೊದಲು ಚಾರ್ಜಿಂಗ್ ನೋಡಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು. ಅದು ಸರಿ ಇದ್ದರೆ, ಕಾರು ನಿಂತಾಗ ಯಾವುದೋ ಕರೆಂಟ್ ತಿನ್ನುತ್ತಿದೆ. ಲಾಕ್ ಮಾಡಿ, ರಿಮೋಟ್ ದೂರ ಇಟ್ಟು, ಕನಿಷ್ಠ ಅರ್ಧ ಗಂಟೆ ಬಿಟ್ಟು ಬ್ಯಾಟರಿಯಿಂದ ಹೋಗುತ್ತಿರುವ ಕರೆಂಟ್ ಅಳೆಯಿರಿ. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಜಾಸ್ತಿ ಇದ್ದರೆ, ಕಾರು ಕೊಂಡ ಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಸ್ಟೀರಿಯೋಗಳನ್ನೇ ಮೊದಲು ಬಿಚ್ಚಿ ನೋಡಿ.

ಪ್ರಶ್ನೆ: ಬ್ರೇಕ್ ತುಳಿದೇ ಬಟನ್ ಒತ್ತಿದರೂ ಆಕ್ಸೆಸರಿ (ರೇಡಿಯೋ ಮುಂತಾದವು) ಮಾತ್ರ ಆನ್ ಆಗುತ್ತದೆ. ಯಾಕೆ?

ಉತ್ತರ: ನೀವು ಬ್ರೇಕ್ ತುಳಿದದ್ದು ಕಾರಿಗೆ ಗೊತ್ತಾಗುತ್ತಿಲ್ಲ. ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ಹತ್ತುತ್ತದೆಯೇ ಕೇಳಿ. ಒಂದೂ ಹತ್ತದಿದ್ದರೆ ಪೆಡಲ್ ಮೇಲಿನ ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿರಬಹುದು. ಸರಿಮಾಡಿಸುವ ತನಕ ಆ ಕಾರನ್ನು ರಸ್ತೆಗೆ ಇಳಿಸಬೇಡಿ, ಹಿಂದಿನವರಿಗೆ ನೀವು ನಿಲ್ಲಿಸುವುದು ತಿಳಿಯುವುದಿಲ್ಲ.